ಕಸಿ ಹಿಡಿಯದ ಕೊಂಬೆ

ಗಣಕಯಂತ್ರದ ಗುಂಡಿಯನ್ನು ಒತ್ತಿದ ಮೇಲೆ ಅದು ಕೆಲಸಕ್ಕೆ ಅಣಿಯಾಗುವ ತನಕ ಒಳಗೆ ಏನು ನಡೆಯುತ್ತದೆಂಬುದನ್ನು ನಮ್ಮಲ್ಲಿ ಅನೇಕರು ಯೋಚಿಸಿರಲಾರೆವು. ಯೂನಿಕ್ಸ್ ಮತ್ತು ಅದರ ಮಾದರಿಯ ಲಿನಕ್ಸ್ ವ್ಯವಸ್ಥೆಗಳಲ್ಲಿ ಆಗ ಬೇರೆ ಬೇರೆ ಡಿಸ್ಕುಗಳ ಕಡತವ್ಯವಸ್ಥೆಗಳು ಒಂದುಗೂಡಬೇಕು. ಅನಂತರ ಸ್ಕ್ರಿಪ್ಟುಗಳು, ಎಂದರೆ ಆರಂಭದ ಆಜ್ಞಾಪಟ್ಟಿಗಳು, ನಡೆಯಬೇಕು. ಮೊದಲನೆಯದು ಕೆಟ್ಟರೆ ಎರಡನೆಯದರ ಗತಿಯೇನು?

ಯೂನಿಕ್ಸಿನ ಕಡತಗಳೆಲ್ಲವೂ ಒಂದೇ ಮರದಲ್ಲಿವೆ. ಹೊಸ ಡಿಸ್ಕನ್ನು ಈ ಮರಕ್ಕೆ ಜೋಡಿಸುವುದೇ ‘ಮೌಂಟ್’. ಕೆನ್ ಥಾಂಪ್‌ಸನ್ ಮತ್ತು ಡೆನಿಸ್ ರಿಚಿ ೧೯೭೪ರಲ್ಲಿ ಪ್ರಕಟಿಸಿದ ಲೇಖನದಲ್ಲಿಯೇ ಇದರ ವಿವರಣೆಯುಂಟು. ತೋಟಗಾರನು ಮಾವಿಗೆ ಕಸಿ ಕಟ್ಟುವಂತೆ, ಮೊದಲೇ ಇರುವ ಒಂದು ಡೈರೆಕ್ಟರಿಯ ಮೇಲೆ ಇನ್ನೊಂದು ಡಿಸ್ಕಿನ ಮರವನ್ನು ಕೂರಿಸಲಾಗುವುದು. ಆದರೆ ಉಪಮೆ ಇಲ್ಲಿಗೇ ನಿಲ್ಲಬೇಕು. ಕಸಿ ಹಿಡಿಯದಿದ್ದರೆ ತೋಟಗಾರನ ಕಣ್ಣಿಗೆ ಒಣಕಡ್ಡಿ ಬೀಳುತ್ತದೆ. ಗಣಕದಲ್ಲಾದರೋ ಜೋಡಣೆ ವಿಫಲವಾದರೂ ಆ ಡೈರೆಕ್ಟರಿ ಎಂದಿನಂತೆಯೇ ಇರುತ್ತದೆ, ಬರಿದಾಗಿ.

ಸ್ಕ್ರಿಪ್ಟು ಮೋಸಹೋಗುವುದು ಇಲ್ಲಿಯೇ. ‘ಡೈರೆಕ್ಟರಿ ಇದೆಯೇ?’ ಎಂದರೆ ‘ಇದೆ’ ಎಂಬ ಉತ್ತರ. ಒಳಹೋಗಬಹುದು, ಬರೆಯಲೂಬಹುದು. ಬರೆದುದೆಲ್ಲ ಮೂಲ ಡಿಸ್ಕಿನಲ್ಲಿ ಶೇಖರವಾಗಿ ಅದು ತುಂಬಿಹೋದೀತು. ಮರುದಿನ ಜೋಡಣೆ ಸರಿಹೋಯಿತೆನ್ನಿ. ಹೊಸ ಮರವು ಮೇಲೆ ಕುಳಿತು ಹಿಂದೆ ಬರೆದವನ್ನು ಮರೆಮಾಡುತ್ತದೆ. ಜಾಗ ಹೋಗಿದೆ, ಕಡತಗಳು ಮಾತ್ರ ಕಾಣವು!

ಇದಕ್ಕಿಂತ ಘೋರವಾದುದು ಪ್ರತಿ ತೆಗೆಯುವ ಸ್ಕ್ರಿಪ್ಟಿನ ಪ್ರಮಾದ. ‘ಆರ್‌ಸಿಂಕ್’ ಎಂಬ ಸಾಧನಕ್ಕೆ ‘ಡಿಲೀಟ್’ ಆಯ್ಕೆಯನ್ನು ಕೊಟ್ಟರೆ, ಮೂಲದಲ್ಲಿಲ್ಲದ ಕಡತಗಳನ್ನು ಅದು ಪ್ರತಿಯಿಂದಲೂ ಅಳಿಸುತ್ತದೆ. ಮೂಲವು ಜೋಡಣೆಯಾಗದೆ ಬರಿದಾಗಿದ್ದರೆ ಪ್ರತಿಯೂ ಬರಿದಾಗುವುದು. ಡಿಸ್ಕು ಕೆಟ್ಟೇ ಜೋಡಣೆ ನಿಂತಿದ್ದರೆ, ಪ್ರತಿ ಯಾವ ದಿನಕ್ಕೆಂದು ಇತ್ತೋ ಆ ದಿನವೇ ಅದು ನಾಶವಾದಂತಾಯಿತು. ಸಾಧನವು ಇದನ್ನು ದೋಷವೆಂದು ಎಣಿಸುವುದೂ ಇಲ್ಲ. ಹೇಳಿದುದನ್ನು ಅದು ಚಾಚೂ ತಪ್ಪದೆ ಮಾಡಿದೆ.

ಹಾಗಾದರೆ ಜೋಡಣೆಯಾಗಿದೆಯೆಂದು ಅರಿಯುವುದು ಹೇಗೆ? ಪ್ರತಿಯೊಂದು ಕಡತವ್ಯವಸ್ಥೆಗೂ ಒಂದು ಸಾಧನಸಂಖ್ಯೆಯುಂಟು. ಡೈರೆಕ್ಟರಿಯ ಸಂಖ್ಯೆಯೂ ಅದರ ಮೇಲಿನ ಡೈರೆಕ್ಟರಿಯ ಸಂಖ್ಯೆಯೂ ಬೇರೆಬೇರೆಯಾಗಿದ್ದರೆ ಕಸಿ ಹಿಡಿದಿದೆ. ಒಂದೇ ಆಗಿದ್ದರೆ ಸಾಮಾನ್ಯವಾಗಿ ಹಿಡಿದಿಲ್ಲ. ‘ಮೌಂಟ್‌ಪಾಯಿಂಟ್’ ಎಂಬ ಆಜ್ಞೆ ಈ ಪರೀಕ್ಷೆಯನ್ನು ಮಾಡಿ, ಹೌದಾದರೆ ಸೊನ್ನೆಯನ್ನೂ ಅಲ್ಲವಾದರೆ ಬೇರೊಂದು ಅಂಕವನ್ನೂ ಹಿಂದಿರುಗಿಸುತ್ತದೆ. ಅಂಕವನ್ನು ನೋಡಿ ನಿಲ್ಲುವ ಹೊಣೆ ಸ್ಕ್ರಿಪ್ಟು ಬರೆದವನದು.

೨೦೧೦ರಲ್ಲಿ ಬಂದ ‘ಸಿಸ್ಟಂಡಿ’ ಇನ್ನಷ್ಟು ಕಟ್ಟುನಿಟ್ಟು. ಪಟ್ಟಿಯಲ್ಲಿರುವ ಡಿಸ್ಕು ಸಿಗದಿದ್ದರೆ ಸಾಮಾನ್ಯವಾಗಿ ೯೦ ಸೆಕೆಂಡು ಕಾದು ಯಂತ್ರವನ್ನು ತುರ್ತುಸ್ಥಿತಿಯಲ್ಲಿ ನಿಲ್ಲಿಸಿಬಿಡುತ್ತದೆ. ದೂರದೂರಿನ ಯಂತ್ರ ಹೀಗೆ ನಿಂತರೆ ಕಷ್ಟವೆಂದು ಜನರು ಪಟ್ಟಿಯಲ್ಲಿ ‘ನೋಫೇಲ್’ ಎಂದು ಬರೆಯುತ್ತಾರೆ. ಯಂತ್ರವೇನೋ ಏಳುತ್ತದೆ, ಬರಿದಾದ ಡೈರೆಕ್ಟರಿಯ ಹಳೆಯ ಮೋಸವೂ ಅದರೊಡನೆ ಏಳುತ್ತದೆ.

ಬಲ್ಲವರು ಇನ್ನೊಂದು ಉಪಾಯ ಮಾಡುವುದುಂಟು. ಜೋಡಣೆಗೆ ಮುನ್ನವೇ ಬರಿದಾದ ಡೈರೆಕ್ಟರಿಗೆ ‘ಚಾಟರ್’ ಆಜ್ಞೆಯಿಂದ ಬೀಗಮುದ್ರೆ ಹಾಕಿದರೆ, ಅಲ್ಲಿ ಯಾರೂ ಏನನ್ನೂ ಬರೆಯಲಾರರು. ಡಿಸ್ಕು ಬಂದು ಕೂತಾಗ ಮುದ್ರೆ ಕೆಳಗೆ ಅಡಗುವುದರಿಂದ ಅಡ್ಡಿಯಿಲ್ಲ. ಆದರೆ ಈ ಬೀಗ ಓದುವುದನ್ನು ತಡೆಯದು. ಆರ್‌ಸಿಂಕನ್ನು ನಡೆಸುವ ಮುನ್ನ ಸಂಖ್ಯೆಯ ಪರೀಕ್ಷೆ ಬೇಕೇ ಬೇಕು.