ಬರೆಯುವವರ ದುಡ್ಡು ಯಾವ ಬಾಬ್ತಿನದು?

‘ಎನ್‌ಜಿಒ ಕೆಲಸ ಅಲ್ವಾ ಮೇಡಂ, ಸೇವೆ ಅಂದ್ಕೊಂಡು ಬರ್ಕೊಡಿ’ ಅನ್ನುವವರಿಗೆ ನನ್ನ ಮರುಪ್ರಶ್ನೆ ಒಂದೇ: ನನ್ನ ದುಡ್ಡು ಯಾವ ಬಾಬ್ತಿನಿಂದ ಬರುತ್ತೆ? ಒರಟು ಅನ್ನಿಸಬಹುದು. ಆದರೆ ಕೆಜಿಎಫ್‌ನ ರಾಬರ್ಟ್‌ಸನ್‌ಪೇಟೆಯಲ್ಲಿ ಕೂತು ಒಂದಷ್ಟು ಪತ್ರಿಕೆಗಳಿಗೆ, ಒಂದಿಷ್ಟು ಸ್ವಯಂಸೇವಾ ಸಂಸ್ಥೆಗಳಿಗೆ ಬರೆದು ಮನೆ ನಡೆಸುವವಳಿಗೆ ಮುಂದಿನ ತಿಂಗಳುಗಳ ಲೆಕ್ಕವೆಲ್ಲ ಆ ಉತ್ತರದಲ್ಲೇ ಇರುತ್ತದೆ.

ವಿದೇಶಿ ದೇಣಿಗೆಯಾದರೆ ಕೈ ಬಿಗಿ. ವಿದೇಶಿ ದೇಣಿಗೆ ಕಾಯ್ದೆಗೆ (ಎಫ್‌ಸಿಆರ್‌ಎ) 2020ರ ತಿದ್ದುಪಡಿ ಬಂದಮೇಲೆ ಆ ಹಣದಲ್ಲಿ ಆಡಳಿತ ವೆಚ್ಚ ಶೇ 20 ದಾಟುವಂತಿಲ್ಲ. ಮೊದಲು ಶೇ 50 ಇತ್ತು. ವರದಿ ಬರೆಯುವ ಖರ್ಚನ್ನೂ ನಿಯಮ ಆಡಳಿತದ ಪಟ್ಟಿಗೇ ಸೇರಿಸಿದೆ. ಆಫೀಸ್ ಬಾಡಿಗೆ, ಜೀಪಿನ ಡೀಸೆಲ್, ನನ್ನ ಸಂಭಾವನೆ ಎಲ್ಲ ಒಂದೇ ಚೀಲದಲ್ಲಿ. ಚೀಲ ಬರಿದಾಗುತ್ತ ಬಂದಾಗ ಮೊದಲು ಕತ್ತರಿ ಬೀಳುವುದು ಬರವಣಿಗೆಗೆ.

ಸಿಎಸ್‌ಆರ್ ಹಣದ ಸ್ವಭಾವ ಬೇರೆ. 2013ರ ಕಂಪನಿ ಕಾಯ್ದೆಯಂತೆ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ 2ರಷ್ಟನ್ನು ಸಾಮಾಜಿಕ ಕೆಲಸಕ್ಕೆ ಇಡಬೇಕು, ಲೆಕ್ಕದ ವರ್ಷ ಮಾರ್ಚ್‌ಗೆ ಮುಗಿಯುತ್ತದೆ. ಹಾಗಾಗಿ ಫೆಬ್ರುವರಿ, ಮಾರ್ಚ್‌ನಲ್ಲಿ ಕೇಸ್ ಸ್ಟಡಿ ಬೇಕು, ಫೋಟೊಗೆ ಅಡಿಬರಹ ಬೇಕು ಎಂದು ರಾತ್ರಿ ಹತ್ತಕ್ಕೂ ಫೋನ್. ಏಪ್ರಿಲ್ ಬಂತೋ, ಹೊಸ ಮಂಜೂರಾತಿ ಆಗುವತನಕ ಯಾರ ಸುಳಿವೂ ಇಲ್ಲ. ಮಕ್ಕಳ ಶಾಲೆ ಫೀಸು ಕಟ್ಟಬೇಕಾದದ್ದೂ ಅದೇ ಹೊತ್ತಿಗೆ. ಮಾರ್ಚ್‌ನಲ್ಲಿ ಬಂದದ್ದರಲ್ಲಿ ಮೂರನೇ ಒಂದು ಭಾಗವನ್ನು ಬೇರೆ ಖಾತೆಗೆ ಹಾಕುತ್ತೇನೆ. ಆ ಖಾತೆಯ ಎಟಿಎಂ ಕಾರ್ಡು ಅಮ್ಮನ ಬೀರುವಿನಲ್ಲಿರುತ್ತದೆ.

2001ರ ಫೆಬ್ರುವರಿ 28ರಂದು ಬಿಜಿಎಂಎಲ್ ಚಿನ್ನದ ಗಣಿ ಮುಚ್ಚಿದ ಊರಿದು. ತಿಂಗಳ ಸಂಬಳ ನಿಂತರೆ ಏನಾಗುತ್ತದೆಂದು ಇಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಅಂದಿನಿಂದ ಮಾರಿಕುಪ್ಪಂ, ಬಂಗಾರಪೇಟೆಯ ರೈಲುಗಳೇ ಊರಿನ ಅನ್ನದ ದಾರಿ. ನಾನೂ ದಿನಾ ಬೆಂಗಳೂರಿಗೆ ಓಡಾಡಿ ಯಾವುದೋ ಆಫೀಸಿನಲ್ಲಿ ಹೆಚ್ಚು ಗಳಿಸಬಹುದಿತ್ತು. ಆದರೆ ರೈಲಿನಲ್ಲಿ ಕಳೆಯುವ ಹೊತ್ತನ್ನು ಯಾವ ಸಂಬಳದ ಚೀಟಿಯೂ ಕಳೆದು ತೋರಿಸುವುದಿಲ್ಲ.

ಇನ್ನು ಟಿಡಿಎಸ್, ಅಂದರೆ ಮೂಲದಲ್ಲೇ ಮುರಿಯುವ ತೆರಿಗೆಯ ವಿಷಯ. ಬಿಡಿ ಕೆಲಸದ ವೃತ್ತಿ ಸಂಭಾವನೆಯಿಂದ ಶೇ 10 ಮುರಿಯುತ್ತಾರೆ. 2025ರ ಏಪ್ರಿಲ್‌ನಿಂದ ಒಂದೇ ಸಂಸ್ಥೆ ಕೊಟ್ಟದ್ದು ವರ್ಷಕ್ಕೆ 50,000 ರೂಪಾಯಿ ದಾಟಿದರೆ ಮಾತ್ರ. 60,000ದ ಬಿಲ್ಲಿಗೆ ಕೈಗೆ ಬರುವುದು 54,000. ಉಳಿದ ಆರು ಸಾವಿರ ‘ಹೋಯಿತು’ ಎಂದು ಎಷ್ಟೋ ಬರಹಗಾರರು ಬಿಟ್ಟುಬಿಡುತ್ತಾರೆ. ಹೋಗಿಲ್ಲ. ನಿಮ್ಮ ಪ್ಯಾನ್‌ಗೆ ಜಮಾ ಆಗಿದೆಯೇ ನೋಡಿ, ರಿಟರ್ನ್ ಸಲ್ಲಿಸಿ. ಕಟ್ಟಬೇಕಾದ ತೆರಿಗೆ ಕಡಿಮೆಯಿದ್ದರೆ ವಾಪಸ್ ಬರುತ್ತದೆ.

ನನಗೆ ಸಿಟ್ಟು ಬರಿಸುವುದು ಭಾಷೆಯ ದರ. ಆಂಡರ್ಸನ್‌ಪೇಟೆಯ ಹೆಂಗಸರ ಮಾತನ್ನು ತಮಿಳಿನಲ್ಲಿ ಕೇಳಿ, ಕನ್ನಡದಲ್ಲಿ ಟಿಪ್ಪಣಿ ಮಾಡಿ, ಇಂಗ್ಲಿಷಿನಲ್ಲಿ ವರದಿ ಬರೆಯುತ್ತೇನೆ. ಒಳ್ಳೆಯ ದುಡ್ಡು ಆ ಕೊನೆಯ ಇಂಗ್ಲಿಷಿಗೆ ಮಾತ್ರ. ಅದೇ ಹೆಂಗಸರು ಓದಬೇಕಾದ ಕರಪತ್ರ ‘ಸ್ವಲ್ಪ ಹಾಗೇ ಮಾಡ್ಕೊಡಿ’ ಎಂಬ ಲೆಕ್ಕಕ್ಕೆ ಬೀಳುತ್ತದೆ.

ಬರವಣಿಗೆ ಸಮಾಜಕಾರ್ಯದ ಬಾಲವಲ್ಲ ಎನ್ನಲು ದೂರ ಹೋಗಬೇಕಿಲ್ಲ. ಕೆಜಿಎಫ್‌ನಲ್ಲೇ ಹುಟ್ಟಿದ ಬೆಜವಾಡ ವಿಲ್ಸನ್ ಇಲ್ಲಿನ ಗಣಿ ಕಾಲೊನಿಯ ಒಣ ಶೌಚಾಲಯಗಳ ವಿರುದ್ಧ ನಿಂತಾಗ ಹಿಡಿದ ಆಯುಧಗಳಲ್ಲಿ ಅಧಿಕಾರಿಗಳಿಗೆ ಬರೆದ ಪತ್ರಗಳಿದ್ದವು, ಫೋಟೊಗಳಿದ್ದವು. ಆ ಹಾದಿ ಸಫಾಯಿ ಕರ್ಮಚಾರಿ ಆಂದೋಲನವಾಗಿ, 2016ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿಯವರೆಗೆ ಹೋಯಿತು. ಆ ಪತ್ರಗಳನ್ನು ಆಡಳಿತ ವೆಚ್ಚ ಅನ್ನುತ್ತೀರಾ?

ಈಗ ನನ್ನ ಕೊಟೇಶನ್‌ನಲ್ಲಿ ಎರಡು ಸಾಲು. ಜನರಿಗೆ ತಲುಪುವ ಕರಪತ್ರ, ಗೋಡೆಬರಹ ಯೋಜನೆಯ ಖರ್ಚಿನಡಿ. ದಾನಿಗಳಿಗೆ ಹೋಗುವ ವರದಿ ಆಡಳಿತದಡಿ. ಸಂಸ್ಥೆಯ ಆಡಿಟರ್ ಒಪ್ಪಬೇಕು, ಹೆಚ್ಚಿನವರು ಒಪ್ಪಿದ್ದಾರೆ. ಅರ್ಧ ಮುಂಗಡ, ಉಳಿದರ್ಧ ಕರಡು ಒಪ್ಪಿದ ಹದಿನೈದು ದಿನದೊಳಗೆ ಎಂದೂ ಬರೆಯುತ್ತೇನೆ. ಪತ್ರಿಕೆಗಳಿಗೆ ಈ ಷರತ್ತು ಹಾಕುವ ಧೈರ್ಯ ಮಾತ್ರ ಇನ್ನೂ ಬಂದಿಲ್ಲ.