ಮನೋರೋಗ ಚಿಕಿತ್ಸೆಗೆ ಹತ್ತಿರದ ದಾರಿ

ದೇಹಕ್ಕೆ ಜ್ವರ ಬಂದರೆ ವೈದ್ಯರಲ್ಲಿಗೆ ಹೋಗುವುದಕ್ಕೆ ನಾವು ಯಾರೂ ನಾಚುವುದಿಲ್ಲ. ಮನಸ್ಸಿಗೆ ಅಸ್ವಾಸ್ಥ್ಯ ಉಂಟಾದಾಗ ಮಾತ್ರ ಮೊದಲು ಅದನ್ನು ಮುಚ್ಚಿಡಲು ಯತ್ನಿಸುತ್ತೇವೆ. ಮುಚ್ಚಿಡಲಾಗದಷ್ಟು ಬೆಳೆದ ಮೇಲೆ ದಾರಿ ಹುಡುಕಲು ಹೊರಡುತ್ತೇವೆ. ಈ ನಡುವೆ ಕಳೆದುಹೋಗುವ ಕಾಲವೇ ರೋಗಿಗೆ ದೊಡ್ಡ ನಷ್ಟ. ಸ್ಕಿಜೋಫ್ರೇನಿಯಾದಂತಹ ತೀವ್ರ ಚಿತ್ತರೋಗಗಳಲ್ಲಿ ಚಿಕಿತ್ಸೆಯಿಲ್ಲದ ಅವಧಿ ದೀರ್ಘವಾದಷ್ಟೂ ಚೇತರಿಕೆ ನಿಧಾನವಾಗುವುದೆಂದು ಸಂಶೋಧನೆಗಳು ತೋರಿಸಿವೆ. 2015-16ರಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಶೇಕಡ 10.6ರಷ್ಟು ಮಂದಿಗೆ ಒಂದಲ್ಲ ಒಂದು ಮಾನಸಿಕ ಅಸ್ವಾಸ್ಥ್ಯವಿತ್ತು. ಅವರಲ್ಲಿ ಬಹುಪಾಲಿಗೆ ಚಿಕಿತ್ಸೆ ದೊರೆತಿರಲಿಲ್ಲ. ಔಷಧವಿದೆ, ವೈದ್ಯರಿದ್ದಾರೆ, ಆದರೂ ಅವರೆಡೆಗೆ ರೋಗಿ ತಲುಪುವುದಿಲ್ಲ. ಇದೇಕೆಂಬುದನ್ನು ವಿಚಾರಿಸೋಣ.

ದೂರವೆಂಬ ತೊಡಕು

ಚಿಕ್ಕಮಗಳೂರು ತಾಲ್ಲೂಕಿನ ವಸ್ತಾರೆ ಹೋಬಳಿಯನ್ನೇ ಉದಾಹರಣೆಗೆ ತೆಗೆದುಕೊಳ್ಳಬಹುದು. ಈ ಬೆಟ್ಟಸೀಮೆಯಲ್ಲಿ ಮನೆಗಳು ಒತ್ತೊತ್ತಾಗಿರುವುದಿಲ್ಲ. ಗದ್ದೆಯ ಅಂಚಿಗೊಂದು, ತೋಟದ ನಡುವೆ ಒಂದು. ನಕ್ಷೆಯಲ್ಲಿ ಜಿಲ್ಲಾ ಕೇಂದ್ರ ಸಮೀಪವೇ. ಆದರೆ ತೋಟದ ಲೈನಿನಲ್ಲಿ ವಾಸಿಸುವ ಕೂಲಿಕಾರನಿಗೆ ಪೇಟೆಗೆ ಹೋಗಿ ಬರುವುದೆಂದರೆ ಒಂದು ದಿನದ ಕೂಲಿ ಹೋಯಿತೆಂದೇ ಅರ್ಥ. ರೋಗಿಯ ಜೊತೆಗೆ ಹೋದವರ ಕೂಲಿಯೂ ಹೋಗುತ್ತದೆ. ಮಳೆಗಾಲದಲ್ಲಿ ದಾರಿಯ ಕಷ್ಟ. ಹಣ್ಣು ಕೊಯ್ಲಿನ ತಿಂಗಳುಗಳಲ್ಲಿ ರಜೆಯ ಕಷ್ಟ. ಇವುಗಳೊಡನೆ ಊರವರ ಬಾಯಿಗೆ ಬೀಳುವ ಭಯ. ಹೀಗೆ ಕೆಲವೇ ಮೈಲಿಗಳ ದಾರಿ ವರ್ಷಗಳ ದಾರಿಯಾಗುತ್ತದೆ.

ಇಂತಹ ಕಡೆ ಜನರು ದೈವದ ಪಾತ್ರಿಯನ್ನೋ ಮಂತ್ರವಾದಿಯನ್ನೋ ಮೊದಲು ಕಾಣುವುದು ಆಶ್ಚರ್ಯವಲ್ಲ. ಅವರು ಹತ್ತಿರದಲ್ಲಿದ್ದಾರೆ, ಪರಿಚಿತರು. ಘಟ್ಟದ ಕೆಳಗಿನ ಕೋಟ ಗ್ರಾಮವನ್ನು ಅಭ್ಯಸಿಸಿ ಕಾರ್ಸ್ಟೇರ್ಸ್ ಮತ್ತು ಕಪೂರ್ ಎಂಬ ಮನೋವೈದ್ಯರು 1976ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಜನರು ಪಾತ್ರಿ, ಮಂತ್ರವಾದಿ, ನಾಟಿ ವೈದ್ಯ, ಡಾಕ್ಟರು ಎಂಬ ಹಲವರ ನೆರವನ್ನೂ ಪಡೆಯುತ್ತಿದ್ದುದು ಕಂಡುಬರುತ್ತದೆ. ದೇವರಿಗೆ ಹರಕೆ ಹೊತ್ತವರು ಆಸ್ಪತ್ರೆಗೆ ಹೋಗಬಾರದೆಂಬ ನಿಯಮವೇನೂ ಇಲ್ಲ. ಹರಕೆಯೂ ನಡೆಯಲಿ, ಔಷಧವೂ ತಪ್ಪದಿರಲಿ.

ರಾಜಧಾನಿಯಿಂದ ಹಳ್ಳಿಗೆ

ಬೆಂಗಳೂರಿನಲ್ಲಿ 1847ರಲ್ಲಿ ಹುಚ್ಚರ ಆಸ್ಪತ್ರೆಯೆಂದು ತೊಡಗಿದ ಸಂಸ್ಥೆಯೇ ಹಲವು ರೂಪಾಂತರಗಳನ್ನು ಹೊಂದಿ 1974ರಲ್ಲಿ ನಿಮ್ಹಾನ್ಸ್ ಆಯಿತು. ಬಹುಕಾಲ ರೋಗಿಯೇ ಆಸ್ಪತ್ರೆಯನ್ನು ಅರಸಿ ಹೋಗಬೇಕಾಗಿತ್ತು. 1970ರ ದಶಕದಲ್ಲಿ ಈ ಸಂಸ್ಥೆಯ ವೈದ್ಯರು ಸಕಲವಾರ ಎಂಬ ಗ್ರಾಮವನ್ನು ನೆಲೆಯಾಗಿಸಿಕೊಂಡು ಹೊಸದೊಂದು ಪ್ರಯೋಗ ಕೈಗೊಂಡರು: ಸಾಮಾನ್ಯ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ಕೊಟ್ಟರೆ ಮುಖ್ಯವಾದ ಮನೋರೋಗಗಳನ್ನು ಹಳ್ಳಿಯಲ್ಲಿಯೇ ಗುರುತಿಸಿ ಉಪಚರಿಸಬಹುದೇ? ಇದೇ ತತ್ತ್ವವನ್ನು 1985ರಿಂದ 1990ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿ ಪರೀಕ್ಷಿಸಲಾಯಿತು. ಅದರ ಫಲವಾಗಿ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವು ದೇಶದಲ್ಲಿ ಆರಂಭವಾಯಿತು.

ಮಲೆನಾಡಿಗೆ ಇನ್ನೂ ಹತ್ತಿರದ ನಿದರ್ಶನ ತೀರ್ಥಹಳ್ಳಿಯದು. ಅಲ್ಲಿ 2005ರಿಂದ ನಿಮ್ಹಾನ್ಸ್‌ನವರು ತಾಲ್ಲೂಕಿನಾದ್ಯಂತ ಸ್ಕಿಜೋಫ್ರೇನಿಯಾ ರೋಗಿಗಳನ್ನು ಹುಡುಕಿ, ಸಮೀಪದ ಆರೋಗ್ಯ ಕೇಂದ್ರಗಳಲ್ಲಿಯೇ ಔಷಧೋಪಚಾರ ದೊರೆಯುವಂತೆ ಮಾಡಿದರು. ತಪ್ಪಿಸಿಕೊಂಡವರನ್ನು ಸಮಾಜ ಕಾರ್ಯಕರ್ತರು ವಿಚಾರಿಸಿಕೊಂಡರು. ಔಷಧವನ್ನು ಬಿಡದೆ ಸೇವಿಸಿದವರ ಅಸಾಮರ್ಥ್ಯ ತಗ್ಗಿತೆಂದು ಅಲ್ಲಿನ ಅಧ್ಯಯನಗಳು ತಿಳಿಸುತ್ತವೆ. ಅದೇ ಮಳೆ, ಅದೇ ಬೆಟ್ಟ, ಬದಲಾದುದು ದೂರವೊಂದೇ.

ಯಾರನ್ನು ಕಾಣಬೇಕು?

ಸತತ ನಿದ್ರಾಹೀನತೆ, ಎರಡು ವಾರಗಳಿಗೂ ಮೀರಿದ ಖಿನ್ನತೆ, ಇಲ್ಲದ ಧ್ವನಿಗಳು ಕೇಳುವುದು, ಕಾರಣವಿಲ್ಲದ ಸಂಶಯ, ಬಿಡಲಾಗದ ಕುಡಿತ: ಇವು ಕಂಡಾಗ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ಅಥವಾ ಊರಿನ ಆಶಾ ಕಾರ್ಯಕರ್ತೆಗೆ ತಿಳಿಸುವುದು ಮೊದಲ ಹೆಜ್ಜೆ. ಅವರು ಅಗತ್ಯ ಕಂಡರೆ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರಲ್ಲಿಗೆ ಕಳುಹಿಸುತ್ತಾರೆ. ಮನೆಯಿಂದ ಹೊರಡಲಾಗದವರಿಗೆ 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸೇವೆಯಿದೆ. 14416 ಸಂಖ್ಯೆಗೆ ಹಗಲಿರುಳೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು.

ಲಾಭಾಪೇಕ್ಷೆಯಿಲ್ಲದ ಸೇವಾಸಂಸ್ಥೆಗಳೂ ಈ ಕಾರ್ಯದಲ್ಲಿವೆ. 1986ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ರಿಚ್‌ಮಂಡ್ ಫೆಲೋಶಿಪ್ ಸೊಸೈಟಿಯಂತಹವು, ರೋಗ ಹತೋಟಿಗೆ ಬಂದವರು ಮತ್ತೆ ಕೆಲಸ ಬೊಗಸೆಗೆ ಮರಳಲು ನೆರವಾಗುತ್ತವೆ. ಇಂತಹ ಕಡೆ ಹೋದಾಗ ಶುಲ್ಕವೆಷ್ಟು, ರಿಯಾಯಿತಿಯುಂಟೇ, ಮನೋವೈದ್ಯರು ಯಾವ ದಿನ ಬರುತ್ತಾರೆ, ಔಷಧ ಅಲ್ಲಿಯೇ ಸಿಗುವುದೇ ಎಂಬುದನ್ನು ಮೊದಲೇ ವಿಚಾರಿಸುವುದು ಲೇಸು.

ಮೊದಲ ಭೇಟಿಯಲ್ಲಿ ಭಯಪಡುವಂತಹುದೇನೂ ಇಲ್ಲ. ತೊಂದರೆ ಎಂದಿನಿಂದ, ನಿದ್ರೆ ಹೇಗೆ, ಊಟ ಹೇಗೆ, ಮನೆತನದಲ್ಲಿ ಯಾರಿಗಾದರೂ ಇತ್ತೇ ಎಂದು ಕೇಳುತ್ತಾರೆ. ಹಿಂದಿನ ಚೀಟಿಗಳನ್ನೂ ಸೇವಿಸುತ್ತಿರುವ ಮಾತ್ರೆಗಳನ್ನೂ ಒಯ್ಯಬೇಕು. ಖಿನ್ನತೆಯ ಔಷಧಗಳು ಫಲ ತೋರಲು ಹಲವು ವಾರಗಳು ಬೇಕು; ನಾಲ್ಕು ದಿನಗಳಲ್ಲಿ ಗುಣವಾಗಲಿಲ್ಲವೆಂದು ಬಿಡುವುದೂ, ಗುಣವಾಯಿತೆಂದು ತಾನಾಗಿ ನಿಲ್ಲಿಸುವುದೂ ರೋಗ ಮರುಕಳಿಸಲು ಕಾರಣವಾಗುತ್ತವೆ. ಆದುದರಿಂದ ಮಳೆ ಹಿಡಿಯುವ ಮೊದಲು ಮುಂದಿನ ಭೇಟಿಯ ದಿನವನ್ನೂ ಅದುವರೆಗೆ ಸಾಲುವಷ್ಟು ಮಾತ್ರೆಗಳನ್ನೂ ವೈದ್ಯರಲ್ಲಿ ಕೇಳಿ ಗೊತ್ತುಮಾಡಿಕೊಳ್ಳುವುದು ಮಲೆನಾಡಿನವರಿಗೆ ವಿಶೇಷವಾಗಿ ಅವಶ್ಯ.

ಸಾಯುವ ಮಾತನ್ನು ಯಾರಾದರೂ ಆಡಿದರೆ ಅದನ್ನು ಹಗುರವಾಗಿ ಎಣಿಸಬಾರದು. ಅವರನ್ನು ಒಂಟಿಯಾಗಿ ಬಿಡದೆ ಅಂದೇ ವೈದ್ಯರಲ್ಲಿಗೆ ಕರೆದೊಯ್ಯಬೇಕು. ತೋಟ ಗದ್ದೆಗಳಿಗೆ ತಂದಿಟ್ಟ ವಿಷೌಷಧಗಳನ್ನು ಬೀಗದೊಳಗಿಡುವುದರಿಂದಲೂ ಜೀವಗಳು ಉಳಿಯುತ್ತವೆ.

ಚಿಕಿತ್ಸೆ ದಾನವಲ್ಲ

2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ 2018ರ ಮೇ 29ರಂದು ಜಾರಿಗೆ ಬಂದಿತು. ಸರ್ಕಾರ ನಡೆಸುವ ಅಥವಾ ಅದರ ಧನಸಹಾಯದಿಂದ ನಡೆಯುವ ಸೇವೆಗಳಲ್ಲಿ ಚಿಕಿತ್ಸೆ ಪಡೆಯುವುದು ಪ್ರತಿಯೊಬ್ಬರ ಹಕ್ಕು. ಬಡತನ ರೇಖೆಗಿಂತ ಕೆಳಗಿನವರಿಗೆ ಅದು ಉಚಿತ. ರೋಗದ ವಿಷಯವನ್ನು ಗುಟ್ಟಾಗಿಡುವುದು ವೈದ್ಯರ ಕರ್ತವ್ಯ. ರೋಗಿಯನ್ನು ಸರಪಳಿಯಿಂದ ಬಂಧಿಸುವುದು ನಿಷಿದ್ಧ. ವಸ್ತಾರೆಯ ಲೈನು ಮನೆಯವರೂ ಈ ಹಕ್ಕಿಗೆ ಬಾಧ್ಯರು. ಅದನ್ನು ಅವರಿಗೆ ತಿಳಿಸುವ ಹೊಣೆ ಓದುಬರಹ ಬಲ್ಲವರದು. ತೋಟದ ಮಾಲೀಕರು ಮತ್ತು ರೈಟರುಗಳು ಆಸ್ಪತ್ರೆಯ ದಿನದಂದು ಕೂಲಿ ಕಡಿಯದೆ ರಜೆ ಕೊಟ್ಟರೆ, ದಾರಿಯ ಅರ್ಧಭಾಗ ಅಲ್ಲಿಯೇ ಸವೆದಂತಾಗುತ್ತದೆ.