ರಾಕೆಟ್ಟಿಗೂ ಒಂದು ತಕ್ಕಡಿ



2025ರ ಮೇ ತಿಂಗಳಲ್ಲಿ ಗಡಿಯಲ್ಲಿ ಕಾಳಗ ನಡೆದಾಗ, ಸೈನ್ಯದಲ್ಲಿರುವ ನಮ್ಮಣ್ಣನಿಂದ ಮೂರು ದಿನ ಫೋನ್ ಬರಲಿಲ್ಲ. ಟಿ.ವಿ. ಹಾಕಿದರೆ ಬರೀ ಕ್ಷಿಪಣಿ ಸುದ್ದಿ. ಅಮ್ಮ ಸರಿಯಾಗಿ ಊಟ ಮಾಡಲಿಲ್ಲ. "ಇದನ್ನೆಲ್ಲಾ ತಡೆಯೋರು ಯಾರೂ ಇಲ್ವೇನೋ?" ಅಂತ ನನ್ನನ್ನು ಕೇಳಿದಳು. ನನಗೆ ಉತ್ತರ ಗೊತ್ತಿರಲಿಲ್ಲ. ಆಮೇಲೆ ಓದಿ ತಿಳಿದದ್ದನ್ನು ಇಲ್ಲಿ ಬರೆದಿದ್ದೇನೆ.

ನಮ್ಮ ಸೋದರಮಾವ ಬೆಂಗಳೂರಿನ ಶಿವಾಜಿನಗರದ ರಸೆಲ್ ಮಾರುಕಟ್ಟೆಯಲ್ಲಿ ತರಕಾರಿ ಅಂಗಡಿಯಲ್ಲಿ ಕೆಲಸಕ್ಕಿದ್ದಾರೆ. ಅದು 1927ರಲ್ಲಿ ಕಟ್ಟಿದ ಹಳೇ ಮಾರುಕಟ್ಟೆ. ರಜೆಯಲ್ಲಿ ಅಲ್ಲಿಗೆ ಹೋದಾಗ ಕಂಡ ನಾಲ್ಕು ವಿಷಯಗಳಿಂದ ಈ ಪಾಠ ನನಗೆ ಅರ್ಥವಾಯಿತು.

1. ಚಾಕು: ತರಕಾರಿ ಹೆಚ್ಚುವ ಚಾಕುವಿನಿಂದಲೇ ಮನುಷ್ಯನನ್ನೂ ಇರಿಯಬಹುದು. ರಾಕೆಟ್ ಕೂಡ ಹಾಗೆಯೇ. ಅನಿಲವನ್ನು ರಭಸದಿಂದ ಹಿಂದಕ್ಕೆ ಬಿಟ್ಟು ತಾನು ಮುಂದಕ್ಕೆ ಹೋಗುತ್ತದೆ. ತುದಿಯಲ್ಲಿ ಉಪಗ್ರಹ ಇಟ್ಟರೆ ಅದು ಉಡಾವಣಾ ವಾಹನ. ಸಿಡಿತಲೆ ಇಟ್ಟು ಶತ್ರುವಿನ ಕಡೆ ತಿರುಗಿಸಿದರೆ ಕ್ಷಿಪಣಿ. ಟಿಪ್ಪುಸುಲ್ತಾನನ ಸೈನ್ಯ ಕಬ್ಬಿಣದ ಕೊಳವೆಯ ರಾಕೆಟ್ ಬಳಸುತ್ತಿತ್ತು. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದಲ್ಲಿ ಒಂದು ಹಳೇ ಬಾವಿಯಿಂದ ಅಂಥ ಸಾವಿರಕ್ಕೂ ಹೆಚ್ಚು ರಾಕೆಟ್ ಸಿಕ್ಕವು.

2. ಮೂಟೆ: 1987ರಲ್ಲಿ ಏಳು ದೇಶಗಳು ಸೇರಿ ಕ್ಷಿಪಣಿ ತಂತ್ರಜ್ಞಾನ ನಿಯಂತ್ರಣ ಕೂಟವನ್ನು ಮಾಡಿಕೊಂಡವು. ಅದರ ಹೆಸರು ಎಂ.ಟಿ.ಸಿ.ಆರ್. 500 ಕಿಲೋ ಭಾರವನ್ನು 300 ಕಿಲೋಮೀಟರ್ ದೂರ ಒಯ್ಯಬಲ್ಲ ರಾಕೆಟ್ಟನ್ನಾಗಲಿ, ಅದರ ತಂತ್ರಜ್ಞಾನವನ್ನಾಗಲಿ ಬೇರೆಯವರಿಗೆ ಸುಲಭವಾಗಿ ಮಾರಬಾರದು ಎಂಬುದು ಅದರ ನಿಯಮ. 500 ಕಿಲೋ ಅಂದರೆ 50 ಕಿಲೋದ ಹತ್ತು ಮೂಟೆ ಆಲೂಗಡ್ಡೆ. 300 ಕಿಲೋಮೀಟರ್ ಅಂದರೆ ಭೂಪಟದಲ್ಲಿ ಬೆಂಗಳೂರಿನಿಂದ ಚೆನ್ನೈಗೆ ನೇರ ಗೆರೆ ಎಳೆದಷ್ಟು ದೂರ, ಹೆಚ್ಚುಕಡಿಮೆ.

3. ಐಸು: ಮೀನಿನ ಅಂಗಡಿಯವರು ಐಸು ಕರಗಿದಂತೆಲ್ಲಾ ಮತ್ತೆ ಮತ್ತೆ ಹಾಕುತ್ತಿದ್ದರು. ಕ್ರಯೋಜನಿಕ್ ಎಂಜಿನ್ನಿನ ಇಂಧನ ದ್ರವ ಜಲಜನಕ. ಅದನ್ನು ಸೊನ್ನೆಗಿಂತ 253 ಡಿಗ್ರಿ ಕೆಳಗೆ ಇಡಬೇಕು. ಇಲ್ಲದಿದ್ದರೆ ಆವಿಯಾಗಿ ಹೋಗುತ್ತದೆ. ಕ್ಷಿಪಣಿ ಯಾವಾಗಲೂ ಸಿದ್ಧವಾಗಿರಬೇಕು, ಆದ್ದರಿಂದ ಅದಕ್ಕೆ ಈ ಎಂಜಿನ್ ಸರಿಹೊಂದುವುದಿಲ್ಲ. ಬೆಂಗಳೂರಿನಲ್ಲಿ ಕೇಂದ್ರ ಕಚೇರಿ ಇರುವ ಇಸ್ರೋ 1991ರಲ್ಲಿ ಇದನ್ನು ಕೊಳ್ಳಲು ಗ್ಲಾವ್‌ಕಾಸ್ಮಾಸ್ ಎಂಬ ಸೋವಿಯತ್ ಸಂಸ್ಥೆಯೊಡನೆ ಒಪ್ಪಂದ ಮಾಡಿಕೊಂಡಿತ್ತು. ಆಗ ಉಡುಪಿ ಕಡೆಯ ಯು.ಆರ್. ರಾವ್ ಅವರು ಇಸ್ರೋ ಅಧ್ಯಕ್ಷರು. ಇದು ಎಂ.ಟಿ.ಸಿ.ಆರ್. ನಿಯಮಕ್ಕೆ ವಿರುದ್ಧ ಎಂದು ಅಮೆರಿಕ 1992ರಲ್ಲಿ ಎರಡೂ ಸಂಸ್ಥೆಗಳ ಮೇಲೆ ನಿರ್ಬಂಧ ಹಾಕಿತು. 1993ರಲ್ಲಿ ರಷ್ಯಾ ತಂತ್ರಜ್ಞಾನ ಕೊಡುವುದನ್ನು ಬಿಟ್ಟು, ಸಿದ್ಧ ಎಂಜಿನ್ ಮಾತ್ರ ಕೊಡಲು ಒಪ್ಪಿತು. ನಮ್ಮವರು ಸ್ವಂತವಾಗಿ ಮಾಡಲು ಹೊರಟರು. 2010ರ ಮೊದಲ ಹಾರಾಟ ವಿಫಲವಾಯಿತು. 2014ರ ಜನವರಿ 5ರಂದು ಗೆದ್ದರು. ಇಪ್ಪತ್ತು ವರ್ಷ ಹಿಡಿಯಿತು!

ಇದನ್ನು ಓದಿದಾಗ ನನಗೆ ಸಿಟ್ಟು ಬಂತು. ನಿಯಮವೇ ಬೇಡ ಅನ್ನಿಸಿತು. ಆದರೆ ನಿಯಮ ಇಲ್ಲದಿದ್ದರೆ ಯಾರು ಬೇಕಾದರೂ ಯಾರಿಗೆ ಬೇಕಾದರೂ ಕ್ಷಿಪಣಿ ಮಾರುತ್ತಾರಲ್ಲ? ಆಗ ನಮ್ಮಣ್ಣನಂಥವರ ಗತಿ ಏನು? 2016ರಲ್ಲಿ ಭಾರತವೇ ಆ ಕೂಟಕ್ಕೆ ಸೇರಿತು.

4. ಮುದ್ರೆ: ಮಾವನ ಅಂಗಡಿಯ ತೂಕದ ಕಲ್ಲಿನ ಮೇಲೆ ಸರ್ಕಾರದ ಮುದ್ರೆ ಇದೆ. "ಮುದ್ರೆ ಇಲ್ದಿದ್ರೆ ಗಿರಾಕಿ ನಂಬಲ್ಲ ಕಣೋ" ಅಂದರು ಮಾವ. ಎಂ.ಟಿ.ಸಿ.ಆರ್.ನಲ್ಲಿ ಹಾಗೆ ಪರೀಕ್ಷಿಸಿ ಮುದ್ರೆ ಹಾಕುವ ಅಧಿಕಾರಿ ಇಲ್ಲ, ಅದು ದೇಶಗಳು ತಾವಾಗಿ ಒಪ್ಪಿಕೊಂಡ ಮಾತು. ಆದರೆ 1987ರಲ್ಲೇ ಅಮೆರಿಕ ಮತ್ತು ಸೋವಿಯತ್ ಒಕ್ಕೂಟ ಐ.ಎನ್.ಎಫ್. ಎಂಬ ಒಪ್ಪಂದಕ್ಕೆ ಸಹಿ ಹಾಕಿದವು. ಅದರಂತೆ 1991ರೊಳಗೆ 2,692 ಕ್ಷಿಪಣಿಗಳನ್ನು ನಾಶ ಮಾಡಿದವು. ಒಬ್ಬರ ನೆಲೆಗೆ ಇನ್ನೊಬ್ಬರು ಹೋಗಿ ಕಣ್ಣಾರೆ ನೋಡಿದರು. 2019ರಲ್ಲಿ ಆ ಒಪ್ಪಂದ ಮುಗಿದುಹೋಯಿತು.

ನಾಲ್ಕನೇ ದಿನ ಅಣ್ಣ ಫೋನ್ ಮಾಡಿದ. ಅಮ್ಮ ಅತ್ತಳು, ಆಮೇಲೆ ಊಟ ಮಾಡಿದಳು. ಅಮ್ಮನಿಗೆ ಈಗ ನನ್ನ ಉತ್ತರ ಇದು: ತಡೆಯಬಹುದಮ್ಮ, ಹಿಂದೆ ತಡೆದಿದ್ದಾರೆ. ಆದರೆ ನನ್ನ ತೂಕದ ಕಲ್ಲನ್ನು ನೀನು ನೋಡು, ನಿನ್ನದನ್ನು ನಾನು ನೋಡುತ್ತೇನೆ ಎಂದು ಇಬ್ಬರೂ ಒಪ್ಪಬೇಕು.

ಗೆಳೆಯರೇ, ನಿಮಗೊಂದು ಪ್ರಶ್ನೆ: ಉಪಗ್ರಹದ ರಾಕೆಟ್ಟನ್ನು ತಡೆಯದೆ ಕ್ಷಿಪಣಿಯನ್ನು ಮಾತ್ರ ತಡೆಯುವುದು ಹೇಗೆ? ಉತ್ತರ ಬರೆದು ಈ ಹಾಳೆಯ ಕೆಳಗೆ ಅಂಟಿಸಿ. ತಪ್ಪಿದ್ದರೆ ಗುರುಗಳು ತಿದ್ದಬೇಕು.

7ನೇ ತರಗತಿ